ನಾಲ್ಕು ದಿನಗಳ ಪ್ರವಾಸ, ಮೂರು ವಹಿಗಳ ಪಾಠ

ವಿದೇಶದಲ್ಲಿ ನೆಲೆಸಿದ ಮಕ್ಕಳು ಊರಿಗೆ ಬರುವುದೆಂದರೆ ಒಂದು ಕಾಲದಲ್ಲಿ ಎರಡು ಮೂರು ವರ್ಷಗಳಿಗೊಮ್ಮೆ ಒದಗುವ ಹಬ್ಬವಾಗಿತ್ತು. ಈಗ ಹಾಗಿಲ್ಲ. ಕೊಲ್ಲಿ ನಾಡುಗಳಲ್ಲಿ ದುಡಿಯುವವರು ವಾರಾಂತ್ಯದೊಡನೆ ಇನ್ನೆರಡು ದಿನಗಳ ರಜೆ ಕೂಡಿಬಂದರೆ ಸಾಕು, ವಿಮಾನವೇರಿ ಬಂದು ಹೋಗುತ್ತಾರೆ. ದಾರಿಯೇನೋ ಹತ್ತಿರವಾಗಿದೆ, ಅದರಂತೆಯೇ ಮನೆಯೂ ಹತ್ತಿರವಾಗಿದೆಯೇ ಎಂಬುದು ಬೇರೆ ಪ್ರಶ್ನೆ. ಕಳೆದ ಡಿಸೆಂಬರಿನ ಆರಂಭದಲ್ಲಿ ನಮ್ಮ ಕುಟುಂಬ ಕೈಗೊಂಡ ಒಂದು ಕಿರುಪ್ರವಾಸದಲ್ಲಿ ಈ ಪ್ರಶ್ನೆ ತಾನಾಗಿಯೇ ಎದುರಾಯಿತು. ಅದನ್ನು ಸದ್ಭಕ್ತರಾದ ಓದುಗರ ಮುಂದಿಡುವುದು ಉಚಿತವೆಂದು ಭಾವಿಸಿದ್ದೇನೆ.

ನನ್ನ ಅಕ್ಕನ ಮಗ ದುಬೈಯಲ್ಲಿ ಉದ್ಯೋಗಿ. ಹೆಂಡತಿ ಹಾಗೂ ಹನ್ನೆರಡು ವರ್ಷದ ಮಗಳೊಡನೆ ಅಲ್ಲಿಯೇ ವಾಸ. ಆ ನಾಡಿನ ರಾಷ್ಟ್ರೀಯ ದಿನದ ರಜೆ ವಾರಾಂತ್ಯಕ್ಕೆ ಹೊಂದಿಕೊಂಡು ಬಂದುದರಿಂದ ಅವನಿಗೆ ನಾಲ್ಕು ದಿನ ಬಿಡುವು ದೊರೆಯಿತು. ಧಾರವಾಡದ ಕಡೆಯ ನಮ್ಮ ಹಳ್ಳಿಗೆ ಬಂದು ಹೋಗುವುದರಲ್ಲಿಯೇ ಎರಡು ದಿನ ಕಳೆದುಹೋಗುವುದೆಂದು ಯೋಚಿಸಿ, “ಮಾಮಾ, ನೀವು ಅವ್ವನ್ನ ಕರಕೊಂಡು ಮೂಡಬಿದಿರೆಗೆ ಬರ್ರಿ. ನಾವು ಮಂಗಳೂರಿಗೆ ಇಳದು ನೇರವಾಗಿ ಅಲ್ಲಿಗೇ ಬರ್ತೇವಿ” ಎಂದು ದೂರವಾಣಿಯಲ್ಲಿ ತಿಳಿಸಿದನು. ಬಜಪೆಯ ವಿಮಾನ ನಿಲ್ದಾಣದಿಂದ ಮೂಡಬಿದಿರೆಗೆ ಕಾರಿನಲ್ಲಿ ಒಂದು ಗಂಟೆಯ ದಾರಿ. ನಾವಿಬ್ಬರೂ ರಾತ್ರಿಯ ಬಸ್ಸಿನಲ್ಲಿ ಹೊರಟೆವು.

ಅಕ್ಕನ ಚೀಲದಲ್ಲಿ ಖಟಿ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಪುಡಿಗಳ ಜೊತೆಗೆ ಬಿಳಿ ಅರಿವೆಯಲ್ಲಿ ಸುತ್ತಿದ ಒಂದು ಗಂಟು ಇತ್ತು. ಅದರಲ್ಲಿದ್ದುದು ಭಾವನವರ ಮೂರು ವಹಿಗಳು. ಅವರು ಪ್ರಾಥಮಿಕ ಶಾಲೆಯ ಶಿಕ್ಷಕರಾಗಿದ್ದವರು. ಲಿಂಗೈಕ್ಯರಾಗಿ ಆರು ವರ್ಷಗಳಾದವು. ಪುಸ್ತಕ ಕೊಳ್ಳುವ ಅನುಕೂಲವಿಲ್ಲದ ದಿನಗಳಲ್ಲಿ ಮಠದ ಗ್ರಂಥಾಲಯದಲ್ಲಿ ಕುಳಿತು ಶರಣರ ವಚನಗಳನ್ನು ಒಂದೊಂದಾಗಿ ಪ್ರತಿ ಮಾಡಿಕೊಂಡಿದ್ದರು. ಅಂಚಿನಲ್ಲಿ ಮಳೆ, ಬೆಳೆ, ಮದುವೆ, ಮರಣಗಳ ಟಿಪ್ಪಣಿಗಳೂ ಇದ್ದವು. ತನ್ನ ವಯಸ್ಸಾಯಿತೆಂದು ಬಗೆದ ಅಕ್ಕ ಆ ವಹಿಗಳನ್ನು ಮಗನಿಗೆ ಒಪ್ಪಿಸಿಬಿಡಬೇಕೆಂದು ನಿಶ್ಚಯಿಸಿ ಹೊರಟಿದ್ದಳು.

ಭಾಷೆ ನಮ್ಮದು, ಲಿಪಿ ಬೇರೆ

ಮೂಡಬಿದಿರೆಯಲ್ಲಿ ಎಲ್ಲರೂ ಕೂಡಿದ ಆ ಸಂಜೆಯೇ ಅಕ್ಕ ಗಂಟನ್ನು ಬಿಚ್ಚಿದಳು. ಮಗನು ಕಣ್ಣಿಗೊತ್ತಿಕೊಂಡು, “ಅವ್ವಾ, ಚಿಂತಿ ಮಾಡಬ್ಯಾಡ. ಪೂಜಾ ಕೋಣ್ಯಾಗ ಗಾಜಿನ ಕಪಾಟು ಮಾಡಿಸಿ ಭದ್ರ ಇಡ್ತೇನಿ” ಎಂದನು. ಆ ಮಾತಿನಲ್ಲಿ ಭಕ್ತಿಯಿತ್ತು. ಆದರೆ ಅಕ್ಕ ಕೇಳಿದ್ದು ಬೇರೆ: “ಓದವರು ಯಾರಪಾ?”

ಉತ್ತರ ಬರಲಿಲ್ಲ. ಮೊಮ್ಮಗಳು ಕನ್ನಡವನ್ನು ಚೆನ್ನಾಗಿ ಆಡುತ್ತಾಳೆ. ಅಜ್ಜಿಯೊಡನೆ ವಾರಕ್ಕೆ ಎರಡು ಬಾರಿ ಹರಟುತ್ತಾಳೆ. ಆದರೆ ಅಕ್ಷರ ತಿಳಿಯದು. ಕನ್ನಡದ ಮಾತನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು ಮೊಬೈಲಿನಲ್ಲಿ ಕಳುಹಿಸುವುದು ಅವಳ ರೂಢಿ. ಮರುದಿನ ಬೆಳಿಗ್ಗೆ ಅಕ್ಕ ಇಷ್ಟಲಿಂಗ ಪೂಜೆಯನ್ನು ಮುಗಿಸಿ ವಹಿಯಿಂದ ಒಂದು ವಚನವನ್ನು ಓದುವಾಗ ಮಗು ಪಕ್ಕದಲ್ಲಿ ಕುಳಿತು ಕೇಳಿತು. “ಅಮ್ಮಾ, ನೀ ಓದಿದ್ರ ತಿಳೀತೈತಿ. ನಾ ನೋಡಿದ್ರ ಬರೇ ಚಿತ್ರ ಕಂಡಂಗ ಕಾಣತೈತಿ” ಎಂದಿತು. ಅಕ್ಕ ಏನೂ ಹೇಳದೆ ವಹಿಯನ್ನು ಮುಚ್ಚಿ ಅರಿವೆಯಲ್ಲಿ ಸುತ್ತಿದಳು.

ಜೈನಕಾಶಿಯಲ್ಲಿ

ಮೂಡು ಎಂದರೆ ಪೂರ್ವ. ಮೂಡಣ ದಿಕ್ಕಿನ ಬಿದಿರಿನ ನಾಡೇ ಮೂಡಬಿದಿರೆ. ಜೈನಕಾಶಿಯೆಂದು ಕರೆಯಲ್ಪಡುವ ಈ ಊರಿನಲ್ಲಿ ಹದಿನೆಂಟು ಬಸದಿಗಳಿವೆ. ನಮ್ಮದು ಇಷ್ಟಲಿಂಗನಿಷ್ಠೆಯ ಪಥ. ಗುಡಿ ಬಸದಿಗಳ ಸುತ್ತುವಿಕೆ ನಮ್ಮ ಆಚರಣೆಯ ಅಂಗವಲ್ಲ. ಆದರೂ ಅನ್ಯರು ತಮ್ಮ ಧರ್ಮವನ್ನು ಹೇಗೆ ಕಾಪಾಡಿಕೊಂಡರೆಂಬುದನ್ನು ವಿನಯದಿಂದ ನೋಡಿ ಕಲಿಯುವುದಕ್ಕೆ ಯಾವ ನಿಷ್ಠೆಯೂ ಅಡ್ಡಬಾರದು.

ಮೊದಲು 1430ರ ಸುಮಾರಿಗೆ ಕಟ್ಟಿದ ತ್ರಿಭುವನ ತಿಲಕ ಚೂಡಾಮಣಿ ಬಸದಿಗೆ ಹೋದೆವು. ಸಾವಿರ ಕಂಬದ ಬಸದಿಯೆಂದೇ ಅದರ ಪ್ರಸಿದ್ಧಿ. ಮೂರು ಅಂತಸ್ತು, ಕರಾವಳಿಯ ಜಡಿಮಳೆಗೆ ತಕ್ಕ ಇಳಿಜಾರಿನ ಮಾಡು, ಒಂದರಂತೆ ಇನ್ನೊಂದಿಲ್ಲವೆಂದು ಹೇಳುವ ಕೆತ್ತನೆಯ ಕಂಬಗಳು, ಮುಂದೆ ಎತ್ತರದ ಮಾನಸ್ತಂಭ. ಭೈರಾದೇವಿ ಮಂಟಪದ ಅಡಿಪಾಯದ ಪಟ್ಟಿಕೆಯಲ್ಲಿ ಜಿರಾಫೆ ಹಾಗೂ ಚೀನಾ ದೇಶದ ಡ್ರ್ಯಾಗನ್ ಕೆತ್ತನೆಗಳನ್ನು ಕಂಡು ಮಗುವಿಗೆ ಪರಮಾಶ್ಚರ್ಯ. “ಅಜ್ಜಾ, ಇವು ಇಲ್ಲಿಗೆ ಹ್ಯಾಂಗ ಬಂದ್ವು?” ಎಂದು ಕೇಳಿತು. ಕರಾವಳಿಯ ಬಂದರುಗಳಿಂದ ಮೆಣಸು, ಅಕ್ಕಿ ಹೊತ್ತ ಹಡಗುಗಳು ಅರಬರ ನಾಡಿಗೆ ಹೋಗಿಬರುತ್ತಿದ್ದವು. ದೂರದ ನಾಡುಗಳ ಸುದ್ದಿಯೂ ಅವುಗಳೊಡನೆ ಬರುತ್ತಿತ್ತು. ಹೊರನಾಡಿಗೆ ಹೋದವರು ನೀವೇ ಮೊದಲಿಗರಲ್ಲ ಎಂದು ಹೇಳಿದೆ.

ಅಲ್ಲಿಂದ ಗುರುಬಸದಿಗೆ ಬಂದೆವು. ಇದಕ್ಕೆ ಸಿದ್ಧಾಂತ ಬಸದಿಯೆಂದೂ ಹೆಸರು. ನಮ್ಮ ಪ್ರವಾಸದ ನಿಜವಾದ ಪಾಠ ದೊರೆತುದು ಇಲ್ಲಿಯೇ.

ಪೂಜೆಗೊಂಡರೂ ಓದದೆ ಉಳಿದ ಗ್ರಂಥ

ಜೈನ ಪರಂಪರೆ ಹೇಳುವ ಕಥೆಯಿದು. ಸೌರಾಷ್ಟ್ರದ ಗಿರಿನಗರದ ಚಂದ್ರಗುಹೆಯಲ್ಲಿದ್ದ ಧರಸೇನಾಚಾರ್ಯರಿಗೆ ಮುಪ್ಪಡಸಿತು. ಗುರುಮುಖದಿಂದ ಶಿಷ್ಯರ ಕಿವಿಗೆ ಬಂದ ಶ್ರುತಜ್ಞಾನ ತಮ್ಮೊಡನೆಯೇ ಮುಗಿದುಹೋಗುವುದೆಂಬ ಚಿಂತೆಯಿಂದ ಅವರು ಸಮರ್ಥರಾದ ಇಬ್ಬರು ಮುನಿಗಳನ್ನು ಕರೆಸಿಕೊಂಡು ಉಪದೇಶಿಸಿದರು. ಪುಷ್ಪದಂತ, ಭೂತಬಲಿ ಎಂಬ ಆ ಇಬ್ಬರು ಅದನ್ನು ಷಟ್ಖಂಡಾಗಮವಾಗಿ ಗ್ರಂಥಸ್ಥಗೊಳಿಸಿದರು. ಗ್ರಂಥ ಪೂರ್ಣಗೊಂಡ ಜ್ಯೇಷ್ಠ ಶುದ್ಧ ಪಂಚಮಿಯನ್ನು ಶ್ರುತಪಂಚಮಿಯೆಂದು ಜೈನರು ಇಂದಿಗೂ ಆಚರಿಸುತ್ತಾರೆ. ವೀರಸೇನಾಚಾರ್ಯರು 816ರಲ್ಲಿ ಇದಕ್ಕೆ ಧವಲಾ ಎಂಬ ಬೃಹತ್ ಟೀಕೆಯನ್ನು ರಚಿಸಿ ಮುಗಿಸಿದರು. ಧವಲ, ಜಯಧವಲ, ಮಹಾಧವಲ ಎಂಬ ಈ ಮಹಾಗ್ರಂಥಗಳ ಪ್ರಾಚೀನ ತಾಳೆಗರಿ ಪ್ರತಿಗಳು ಭರತಖಂಡದಲ್ಲೆಲ್ಲ ಉಳಿದುಬಂದದ್ದು ಮೂಡಬಿದಿರೆಯಲ್ಲಿ. ಭಾಷೆ ಪ್ರಾಕೃತ ಮತ್ತು ಸಂಸ್ಕೃತ. ಬರೆದುದು ಮಾತ್ರ ನಮ್ಮ ಹಳಗನ್ನಡದ ಲಿಪಿಯಲ್ಲಿ.

ಶತಮಾನಗಳ ಕಾಲ ಈ ಗರಿಗಳಿಗೆ ದರ್ಶನವಿತ್ತು, ಅಧ್ಯಯನವಿರಲಿಲ್ಲ. ದೂರದೂರದಿಂದ ಯಾತ್ರಿಕರು ಬಂದು ಕೈಮುಗಿದು ಹೋಗುತ್ತಿದ್ದರು. ಕಾಯ್ದವರು ತಪ್ಪು ಮಾಡಿದರೆಂದು ಹೇಳಲು ನನ್ನ ನಾಲಗೆ ಏಳದು. ಅವರು ಪ್ರಾಣದಂತೆ ಕಾಪಾಡದಿದ್ದರೆ ಇಂದು ಓದಲು ಏನೂ ಉಳಿಯುತ್ತಿರಲಿಲ್ಲ. ಆದರೆ ಗರಿಗಳಿಗೂ ಆಯುಷ್ಯದ ಮಿತಿಯುಂಟು. ಹಳೆಯ ಲಿಪಿಯನ್ನು ಬಲ್ಲವರೂ ಕಡಿಮೆಯಾಗುತ್ತ ಬಂದಿದ್ದರು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಸೊಲ್ಲಾಪುರ, ಮುಂಬಯಿಗಳ ಶ್ರಾವಕರು ಮುಂದಾಗಿ ಪ್ರತಿ ಮಾಡಿಸುವ ಏರ್ಪಾಡು ಮಾಡಿದರು. ಆ ಕೆಲಸ ವರ್ಷಗಟ್ಟಲೆ ನಡೆಯಿತು. ಪ್ರತಿಗೈದ ಪಂಡಿತರೊಬ್ಬರ ಮನೆಯಲ್ಲಿ ಅವರ ಪತ್ನಿಯೂ ಕೈಗೂಡಿಸಿ ಕನ್ನಡ ಲಿಪಿಯಲ್ಲಿ ಇನ್ನೊಂದು ಪ್ರತಿಯನ್ನು ಸಿದ್ಧಪಡಿಸಿದರೆಂದು ಹೇಳುತ್ತಾರೆ. ಕೊನೆಗೆ ಡಾ. ಹೀರಾಲಾಲ ಜೈನರ ಸಂಪಾದಕತ್ವದಲ್ಲಿ 1939ರಲ್ಲಿ ಧವಲದ ಮೊದಲ ಸಂಪುಟ ಅಚ್ಚಾಯಿತು. ಸುಮಾರು ಎರಡು ದಶಕಗಳಲ್ಲಿ ಒಟ್ಟು 16 ಸಂಪುಟಗಳು ಹೊರಬಂದವು. ಬಸದಿಯಲ್ಲಿ ಬೀಗದೊಳಗಿದ್ದುದು ಹೀಗೆ ಲೋಕದ ಓದಿಗೆ ದಕ್ಕಿತು.

ಇದನ್ನು ಕೇಳಿ ಮಗು ಒಂದು ಮಾತು ಹೇಳಿತು: “ಅಂದ್ರ ಅಜ್ಜಾ, ಇಲ್ಲಿ ಅಕ್ಷರ ನಮ್ಮವು, ಭಾಷಾ ಬ್ಯಾರೆ. ನಂದು ಉಲ್ಟಾ. ನಂದು ಭಾಷಾ ಕನ್ನಡ, ಅಕ್ಷರ ಬ್ಯಾರೆ.” ನಾನು ಅರುವತ್ತು ದಾಟಿದವನು, ಬಾಲ್ಯದಿಂದ ಮಠದಲ್ಲಿ ಓದಿದವನು. ಇಷ್ಟು ನೇರವಾಗಿ ಆ ಮಾತನ್ನು ಹೇಳಲು ನನಗೆ ಬರುತ್ತಿರಲಿಲ್ಲ.

ನನ್ನದೇ ಒಂದು ತಪ್ಪು

ಅಂದು ರಾತ್ರಿ ನಾನು ಮನೆಯವರೆದುರು ಹಳೆಯದೊಂದು ತಪ್ಪನ್ನು ಒಪ್ಪಿಕೊಂಡೆ. ವಟುವಾಗಿದ್ದಾಗ ನಾನಿದ್ದ ಮಠದಲ್ಲಿ ಪುಸ್ತಕ ಭಂಡಾರದ ಉಸ್ತುವಾರಿ ನನ್ನದಾಗಿತ್ತು. ಅಲ್ಲಿ ಕೆಲವು ತಾಳೆಗರಿಯ ಕಟ್ಟುಗಳಿದ್ದವು. ಪ್ರತಿ ಮಹಾನವಮಿಗೆ ಅವಕ್ಕೆ ವಿಭೂತಿ ಧರಿಸಿ, ಪತ್ರೆ ಪುಷ್ಪವೇರಿಸಿ, ಮಂಗಳಾರತಿ ಬೆಳಗುತ್ತಿದ್ದೆ. ದಾರ ಬಿಚ್ಚಿ ನೋಡಬೇಕೆಂದು ಐದು ವರ್ಷಗಳಲ್ಲಿ ಒಮ್ಮೆಯೂ ನನಗೆ ತೋಚಲಿಲ್ಲ. ಆರನೆಯ ವರ್ಷ ಒಬ್ಬ ವಿದ್ವಾಂಸರು ಬಂದು ಬಿಚ್ಚಿಸಿದಾಗ ಎರಡು ಕಟ್ಟುಗಳಲ್ಲಿ ಮೇಲಿನ ಹಲಗೆ ಮಾತ್ರ ಗಟ್ಟಿಯಾಗಿತ್ತು. ಒಳಗೆಲ್ಲ ಗೆದ್ದಲು ತಿಂದ ಪುಡಿ. ಅದರಲ್ಲಿ ಏನು ಬರೆದಿತ್ತೆಂಬುದು ಇಂದಿಗೂ ತಿಳಿಯದು. ನಾನು ಪೂಜಿಸಿದ್ದು ಪುಡಿಯನ್ನು.

ವಚನ ಸಾಹಿತ್ಯಕ್ಕೂ ಇದೇ ಗತಿ ಬರಬಹುದಾಗಿತ್ತು. ಕಲ್ಯಾಣದ ವಿಪ್ಲವದಲ್ಲಿ ಶರಣರು ವಚನದ ಕಟ್ಟುಗಳನ್ನು ಹೊತ್ತು ಉಳವಿಯ ಕಡೆಗೆ ನಡೆದರೆಂಬ ನಂಬುಗೆ ನಮ್ಮಲ್ಲಿದೆ. ಆ ಬಳಿಕ ಅವು ಮಠಗಳಲ್ಲಿ, ಭಕ್ತರ ಮನೆಯ ಅಟ್ಟಗಳಲ್ಲಿ, ದೇವರ ಜಗಲಿಗಳಲ್ಲಿ ಉಳಿದವು. ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು ಊರೂರು ತಿರುಗಿ, ಮನೆಮನೆಯ ಬಾಗಿಲು ತಟ್ಟಿ, ಆ ಗರಿಗಳನ್ನು ಕಲೆಹಾಕಿ 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಪ್ರಕಟಿಸಿದರು. 1925ರಲ್ಲಿ ವಿಜಯಪುರದಲ್ಲಿ ಹಿತಚಿಂತಕ ಮುದ್ರಣಾಲಯವನ್ನು ಸ್ಥಾಪಿಸಿ, ಮರುವರ್ಷ ‘ಶಿವಾನುಭವ’ ಪತ್ರಿಕೆಯನ್ನು ಆರಂಭಿಸಿದರು. ಇದಕ್ಕಾಗಿ ತಮ್ಮ ಮನೆಯನ್ನೇ ಮಾರಿದರು. ಅವರು ಬಾಗಿಲು ತಟ್ಟಿದಾಗ ಗಂಟನ್ನು ಬಿಚ್ಚಿಕೊಟ್ಟ ಮನೆಗಳ ಪುಣ್ಯವೂ ಸಣ್ಣದಲ್ಲ. ಅಂಥ ಮನೆಗಳಿಂದ ಬಂದುದನ್ನೇ ನಾವು ಇಂದು ಓದುತ್ತಿದ್ದೇವೆ.

ಅಕ್ಕ ಎಲ್ಲವನ್ನೂ ಕೇಳಿ, “ತಮ್ಮಾ, ಹಂಗಾದ್ರ ನಾನೂ ಈ ವಹಿಗೆ ಬರೇ ಊದಿನಕಡ್ಡಿ ಬೆಳಗೇನೇನು?” ಎಂದಳು. “ನೀನು ದಿನಾ ಓದ್ತಿ ಅಕ್ಕಾ. ಪ್ರಶ್ನೆ ನಿನ್ನದಲ್ಲ, ನಿನ್ನ ನಂತರದ್ದು” ಎಂದೆ.

ಬೆಳ್ತಂಗಡಿಯ ದಾರಿಯಲ್ಲಿ

ಮೂರನೆಯ ದಿನ ಬೆಳ್ತಂಗಡಿ ತಾಲ್ಲೂಕಿಗೆ ಸಾಗಿದೆವು. ವೇಣೂರಿನಲ್ಲಿ ಫಲ್ಗುಣಿ ನದಿಯ ದಂಡೆಯ ಮೇಲೆ 1604ರಲ್ಲಿ ಅಜಿಲ ವಂಶದ ತಿಮ್ಮರಾಜ ನಿಲ್ಲಿಸಿದ 35 ಅಡಿಗಳ ಬಾಹುಬಲಿ. ಹನ್ನೆರಡು ವರ್ಷಗಳಿಗೊಮ್ಮೆ ನಡೆಯುವ ಮಹಾಮಸ್ತಕಾಭಿಷೇಕ ಇಲ್ಲಿ 2024ರಲ್ಲಿ ನೆರವೇರಿತು. ನಿಲ್ಲಿಸಿದವರು ಯಾರು, ಯಾವಾಗ ಎಂಬುದನ್ನು ನಮಗೆ ತಿಳಿಸಿದವು ಬಿಂಬದ ಬದಿಯಲ್ಲಿರುವ ಶಾಸನಗಳು. ಅಷ್ಟು ದೊಡ್ಡ ಕಲ್ಲೂ ತನ್ನ ಕಥೆಯನ್ನು ತಾನೇ ಹೇಳಲಾರದು. ಪಕ್ಕದ ಸಣ್ಣ ಅಕ್ಷರಗಳೇ ಹೇಳಬೇಕಾಯಿತು.

ಧರ್ಮಸ್ಥಳದಲ್ಲಿ ರಾತ್ರಿ ತಂಗಿದೆವು. ಮಂಜುನಾಥಸ್ವಾಮಿಯ ಸನ್ನಿಧಿಯಲ್ಲಿ ಪೂಜೆಗೊಳ್ಳುವುದು ಲಿಂಗ. ಪೂಜಿಸುವವರು ಮಾಧ್ವ ವೈಷ್ಣವರು. ಕ್ಷೇತ್ರದ ಧರ್ಮಾಧಿಕಾರಿಗಳಾದ ಹೆಗ್ಗಡೆಯವರ ಮನೆತನ ಜೈನರದು. ಮೂವರ ಕೈಗಳು ಒಂದೆಡೆ ಕೂಡಿ ನಡೆಸಿಕೊಂಡು ಬಂದ ವ್ಯವಸ್ಥೆಯಿದು. ಅನ್ನಪೂರ್ಣ ಛತ್ರದ ಪಂಕ್ತಿಯಲ್ಲಿ ಕುಳಿತು ಪ್ರಸಾದ ಸ್ವೀಕರಿಸುವಾಗ ಸೊಸೆ ಮೆಲ್ಲನೆ ಹೇಳಿದಳು: “ಮಾಮಾ, ದುಬೈಯೊಳಗ ಕನ್ನಡ ಪಾಠಶಾಲಾ ಐತ್ರಿ. ಹೆಸರು ಹಚ್ಚಸಬೇಕಂತ ಮೂರು ವರ್ಷದಿಂದ ಅನಕೋತ ಬಂದೇವಿ. ಒಂದು ವಾರ ಈಜು, ಒಂದು ವಾರ ಪರೀಕ್ಷಾ, ಹಂಗ ಉಳದುಬಿಟ್ಟದ.” ಕನ್ನಡ ಮಿತ್ರರು ಎಂಬ ಬಳಗ 2014ರಲ್ಲಿ ಅಲ್ಲಿ ಪಾಠಶಾಲೆಯನ್ನು ತೆರೆದು ರಜಾದಿನಗಳಲ್ಲಿ ಮಕ್ಕಳಿಗೆ ಉಚಿತವಾಗಿ ಕನ್ನಡ ಕಲಿಸಲಾರಂಭಿಸಿದ ಸಂಗತಿಯನ್ನು ನಾನೂ ಓದಿದ್ದೆ. ಕಲಿಸುವವರು ಕಾದಿದ್ದರು, ಕಲಿಯುವ ಮನೆ ತಡಮಾಡಿತ್ತು. ಅವಳು ಅದನ್ನು ಮರೆಮಾಚದೆ ಹೇಳಿದ್ದು ನನಗೆ ಹಿಡಿಸಿತು.

ಬಂಟ್ವಾಳದ ಹೊಳೆಯ ದಂಡೆ

ಕೊನೆಯ ದಿನ ವಿಮಾನ ಸಂಜೆಗಿತ್ತು. ಬಂಟ್ವಾಳದಲ್ಲಿ ನೇತ್ರಾವತಿಯ ದಂಡೆಯ ಮೇಲೆ ಕುಳಿತು ಉಳಿದ ರೊಟ್ಟಿಯ ಬುತ್ತಿಯನ್ನು ಬಿಚ್ಚಿದೆವು. ಈ ಪೇಟೆ ಹೊಳೆಯ ಮಗ್ಗುಲಲ್ಲಿಯೇ ಬೆಳೆದದ್ದು. ಹೊಳೆಯ ಕೋಪವನ್ನೂ ಕಂಡದ್ದು. 1923ರ ಮತ್ತು 1974ರ ನೆರೆಗಳನ್ನು ಇಲ್ಲಿಯ ಜನ ಇಂದಿಗೂ ಇಸವಿಯ ಸಮೇತ ನೆನೆಯುತ್ತಾರೆ. ಆ ಮಾತು ಬಂದಾಗ ನನ್ನ ಅಳಿಯನು, 2024ರ ಏಪ್ರಿಲಿನಲ್ಲಿ ದುಬೈಯಲ್ಲಿ ಸುರಿದ ಮಹಾಮಳೆಗೆ ತಮ್ಮ ಕಟ್ಟಡದ ನೆಲಮಾಳಿಗೆಯಲ್ಲಿ ನೀರು ತುಂಬಿ, ಅಲ್ಲಿಟ್ಟ ಪೆಟ್ಟಿಗೆಯಲ್ಲಿದ್ದ ಮದುವೆಯ ಚಿತ್ರಗಳೆಲ್ಲ ಹಾಳಾದುದನ್ನು ಹೇಳಿದನು. ಮರಳುಗಾಡಿನಲ್ಲಿ ನೆರೆಯೆಂದರೆ ಅಕ್ಕ ನಂಬಲಾರದೆ ಹೋದಳು. ಹಾಗಾದರೆ ಗಾಜಿನ ಕಪಾಟು ಸಾಕೇ ಎಂದು ಕೇಳಿದೆ. ಅವನು ವಹಿಗಳನ್ನು ಕೈಗೆತ್ತಿಕೊಂಡು ಒಂದೊಂದೇ ಪುಟವನ್ನು ಮೊಬೈಲಿನಲ್ಲಿ ಸೆರೆಹಿಡಿಯತೊಡಗಿದನು. ಪ್ರತಿ ಮಾಡುವ ಕಾಯಕಕ್ಕೆ ಹಿಂದೆ ವರ್ಷಗಳು ಬೇಕಾಗಿದ್ದವು. ಈಗ ಒಂದು ಮಧ್ಯಾಹ್ನ ಸಾಕು. ಈ ಅನುಕೂಲವನ್ನು ಬಳಸದೆ ಇದ್ದರೆ ಹೊಣೆ ನಮ್ಮದೇ.

ಹೀಗೆ ಪುಟ ತಿರುವುತ್ತಿದ್ದವನು ಒಂದೆಡೆ ನಿಂತುಬಿಟ್ಟನು. ಅಂಚಿನಲ್ಲಿ ತಂದೆಯ ಸಣ್ಣ ಅಕ್ಷರಗಳು: ಮಘಿ ಮಳೆ ಚೆನ್ನಾಗಿ ಆಯಿತು, ಬೆಳಗಿನ ಜಾವ ಮಗ ಹುಟ್ಟಿದ. ಅದು ಅವನದೇ ಜನನದ ದಿನ. ತಂದೆ ತೀರಿದ ಆರು ವರ್ಷಗಳಲ್ಲಿ ಆ ವಹಿಯನ್ನು ತಾನು ಒಮ್ಮೆಯೂ ತೆರೆದಿರಲಿಲ್ಲವೆಂದು ಅವನು ಹೇಳಿದನು. ಮಗು, “ಅಪ್ಪಾ, ಏನ ಬರದಾರ?” ಎಂದು ಕೇಳಿತು. ಅವನು ಓದಿ ಹೇಳಲಿಲ್ಲ. ಅವಳ ಬೆರಳು ಹಿಡಿದು ಒಂದು ಅಕ್ಷರದ ಮೇಲಿಟ್ಟು, “ಇದು ಮ. ಇದು ಗ. ಕೂಡಿಸಿ ಓದು” ಎಂದನು. ಎರಡೇ ಅಕ್ಷರಗಳ ಪಾಠ. ಕೂಡಿಸಿ ಓದಿದ ಮಗು ತಂದೆಯ ಮುಖವನ್ನು ನೋಡಿತು.

ಇದು ನಡೆದದ್ದು ಬಂಟ್ವಾಳದಲ್ಲಿ ಎಂಬುದೂ ಸಮಂಜಸವೇ. ಕನ್ನಡದ ಮಕ್ಕಳ ಸಾಹಿತ್ಯಕ್ಕೆ ಹಾದಿ ಹಾಕಿದ ಪಂಜೆ ಮಂಗೇಶರಾಯರು 1874ರಲ್ಲಿ ಹುಟ್ಟಿದ್ದು ಇದೇ ಊರಿನಲ್ಲಿ. ಮನೆಯ ಮಾತು ಕೊಂಕಣಿ, ಸುತ್ತಣ ಮಾತು ತುಳು. ಆದರೂ ಕನ್ನಡವನ್ನು ಕಲಿತು, ಕಲಿಸಿ, ‘ಕವಿಶಿಷ್ಯ’ ಎಂಬ ವಿನಯದ ಹೆಸರಿನಲ್ಲಿ ಬರೆದು, 1934ರ ರಾಯಚೂರು ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. ಸುತ್ತಲೂ ಬೇರೆ ಮಾತು ಇರುವುದರಿಂದ ಮಕ್ಕಳಿಗೆ ಕನ್ನಡದ ಅಕ್ಷರ ಬರುವುದಿಲ್ಲವೆಂಬ ನಮ್ಮವರ ನೆವಕ್ಕೆ ಪಂಜೆಯವರ ಬಾಳೇ ಉತ್ತರ.

ಹೊರಡುವ ಹೊತ್ತಿಗೆ ಅಕ್ಕ ತನ್ನ ನಿಶ್ಚಯವನ್ನು ಬದಲಿಸಿದ್ದಳು. ಮೂರು ವಹಿಗಳಲ್ಲಿ ಎರಡನ್ನು ಮತ್ತೆ ಅರಿವೆಯಲ್ಲಿ ಸುತ್ತಿ ತನ್ನ ಚೀಲಕ್ಕೆ ಹಾಕಿಕೊಂಡಳು. ಒಂದನ್ನು ಮಾತ್ರ, ಮಗನ ಕೈಗಲ್ಲ, ಮೊಮ್ಮಗಳ ಕೈಗೆ ಕೊಟ್ಟಳು. “ಇದನ್ನ ಓದಿ ಮುಗಿಸಿ ಬಾ ಕೂಸ. ಎರಡನೇದು ಕೊಡ್ತೇನಿ” ಎಂದಳು. “ನೀ ಅಲ್ಲೀತನಕ ಇರ್ತಿಯಿಲ್ಲ ಅಮ್ಮಾ?” ಎಂದು ಮಗು ಕೇಳಿತು. “ನೀ ಲಗೂನ ಓದು” ಎಂದು ಅಕ್ಕ ನಕ್ಕಳು.

ಮನೆಮನೆಗೂ ಒಂದು ಬಿನ್ನಹ

ಬಂಧುಗಳೇ, ನಮ್ಮಲ್ಲಿ ಸ್ಥಾವರ, ಜಂಗಮ ಎಂಬ ವಿಚಾರ ಹೊಸತಲ್ಲ. ಕಪಾಟಿನಲ್ಲಿ ಕೂತ ಗ್ರಂಥ ಸ್ಥಾವರ. ಮಗುವಿನ ಬಾಯಲ್ಲಿ ನಡೆದಾಡುವ ಗ್ರಂಥ ಜಂಗಮ. ಹೊರನಾಡಿನಲ್ಲಿರುವ ಮಕ್ಕಳಿಗೆ ಹಿರಿಯರ ವಸ್ತುಗಳನ್ನು ಕಳುಹಿಸುವಾಗ ಮೂರು ಕೆಲಸಗಳನ್ನು ತಪ್ಪದೆ ಮಾಡಿರಿ. ಮೊದಲು ಕಟ್ಟನ್ನು ಬಿಚ್ಚಿ ನೋಡಿರಿ. ಎರಡನೆಯದಾಗಿ, ಪ್ರತಿಯೊಂದನ್ನು ಮಾಡಿ ಬೇರೆಡೆ ಇಡಿರಿ. ಮೂರನೆಯದು ಎಲ್ಲಕ್ಕಿಂತ ಮುಖ್ಯ: ಅದನ್ನು ಓದಬಲ್ಲ ಒಂದು ಜೋಡಿ ಕಣ್ಣುಗಳನ್ನು ಸಿದ್ಧಪಡಿಸಿರಿ. ಮಗುವಿಗೆ ಕನ್ನಡ ಮಾತು ಬರುತ್ತದೆಂದು ಸಮಾಧಾನ ತಾಳಬೇಡಿರಿ. ಮಾತು ಅಜ್ಜಿ ಇರುವವರೆಗೆ. ಅಕ್ಷರ ಅವಳ ನಂತರವೂ ಉಳಿಯುತ್ತದೆ. ವಾರಕ್ಕೆ ಒಂದು ಗಂಟೆ ಸಾಕು. ಹಳ್ಳಿಯಲ್ಲಿರುವ ಹಿರಿಯರು ದೂರವಾಣಿಯಲ್ಲಿ ಊಟವಾಯಿತೇ ಎಂದು ಕೇಳುವುದರ ಜೊತೆಗೆ ಒಂದು ವಚನವನ್ನು ಮಗುವಿನಿಂದ ಓದಿಸಿ ಕೇಳಲಿ.

ಮೊನ್ನೆ ದುಬೈಯಿಂದ ಅಕ್ಕನಿಗೆ ಒಂದು ಸಂದೇಶ ಬಂದಿತು. ಕಾಗದದ ಮೇಲೆ ಸೀಸದಕಡ್ಡಿಯಿಂದ ಬರೆದುದರ ಚಿತ್ರ. ದೊಡ್ಡ ದೊಡ್ಡ, ಓರೆಯಾದ ಕನ್ನಡದ ಅಕ್ಷರಗಳು: ‘ಅಮ್ಮಾ, ಮಗಿ ಮಳೆ ಅಂದರೆ ಏನು?’ ಅಲ್ಪಪ್ರಾಣ ಮಹಾಪ್ರಾಣಗಳ ಭೇದ ಇನ್ನೂ ತಿಳಿದಿಲ್ಲ. ಅಕ್ಕ ಕನ್ನಡಕ ಹಾಕಿಕೊಂಡು ಎರಡು ಸಲ ಓದಿದಳು. ಮಘಾ ನಕ್ಷತ್ರದ ಮಳೆ ಯಾವಾಗ ಬರುತ್ತದೆ, ಆಗ ಹೊಲದಲ್ಲಿ ಏನು ನಡೆದಿರುತ್ತದೆ, ಅವಳ ಅಪ್ಪ ಹುಟ್ಟಿದ ವರ್ಷ ಹಳ್ಳ ಎಷ್ಟು ತುಂಬಿ ಹರಿದಿತ್ತು ಎಂಬುದನ್ನೆಲ್ಲ ಹೇಳಲು ದೂರವಾಣಿ ಹಚ್ಚಿಕೊಡೆಂದು ನನ್ನನ್ನು ಕರೆದಳು.